ಸಹಿ ಹಾಕುವವರಿಲ್ಲದ ಕುರ್ಚಿಯ ಪಕ್ಕದಲ್ಲಿ: ಹೊಸ ದಂತವೈದ್ಯರು ಸ್ವತಂತ್ರ ವೃತ್ತಿಗೆ ಸಿದ್ಧರಾಗುವ ಬಗೆ

ದಂತವೈದ್ಯಕೀಯ ಪದವಿ ಪಡೆದವರಿಗೆ ನೋಂದಣಿಯಾದೊಡನೆ ಸಿಗುವ ಅಧಿಕಾರ ಸಣ್ಣದಲ್ಲ. ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡ ವೈದ್ಯಕೀಯ ಪದವೀಧರರು ಹಿರಿಯರ ಕೈಕೆಳಗೆ ಮತ್ತೆ ಹಲವು ವರ್ಷ ದುಡಿದ ಮೇಲಷ್ಟೇ ಸ್ವತಂತ್ರವಾಗಿ ಕತ್ತರಿ ಹಿಡಿಯುತ್ತಾರೆ. ಹೊಸ ದಂತವೈದ್ಯರಾದರೋ, ಮತ್ತೆ ಬೆಳೆಯದ ಎನಾಮೆಲನ್ನು ಕೊರೆಯುವ, ಮೂಳೆಯಿಂದ ಹಲ್ಲನ್ನು ಬೇರ್ಪಡಿಸುವ ಕೆಲಸವನ್ನು ಹಲವು ದೇಶಗಳಲ್ಲಿ ಪದವಿಯ ಬೆನ್ನಿಗೇ ಒಬ್ಬರೇ ಮಾಡಬಹುದು. ಈ ಅಂತರವನ್ನು ಕೆಲವೆಡೆ ಒಂದಿಷ್ಟು ತುಂಬಲಾಗಿದೆ. ಬ್ರಿಟನ್ನಿನಲ್ಲಿ ಪದವಿಯ ನಂತರ ಒಂದು ವರ್ಷದ ಫೌಂಡೇಶನ್ ತರಬೇತಿಯ ವ್ಯವಸ್ಥೆಯಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯವು 2007ರಿಂದ ಪರವಾನಗಿಗೆ ಒಂದು ವರ್ಷದ ರೆಸಿಡೆನ್ಸಿಯನ್ನು (ಹಿರಿಯರ ಮೇಲ್ವಿಚಾರಣೆಯ ತರಬೇತಿ) ಕಡ್ಡಾಯ ಮಾಡಿದೆ. ಭಾರತದಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಪದವಿಯ ಭಾಗವೇ ಆಗಿದೆ. ಬ್ರಿಟನ್ನಿನ ದಂತವೈದ್ಯರ ನಿಯಂತ್ರಣ ಮಂಡಳಿಯಂತೂ ಹೊಸ ಪದವೀಧರರನ್ನು ಹಲವು ವರ್ಷ ‘ಸುರಕ್ಷಿತ ಆರಂಭಿಕರು’ ಎಂದಷ್ಟೇ ಕರೆಯುತ್ತಿತ್ತು. ಪದವಿಪತ್ರ ಭರವಸೆ ಕೊಡುವುದು ಅಷ್ಟಕ್ಕೇ ಎಂದು ಮೊದಲೇ ಒಪ್ಪಿಕೊಂಡರೆ ಮುಂದಿನ ಕೆಲಸ ಹಗುರವಾಗುತ್ತದೆ.

ಕೊರತೆ ಎಲ್ಲಿದೆ ಎಂದು ಕೇಳಿದರೆ ‘ಕೈಪಳಗಿಲ್ಲ, ಕೇಸುಗಳು ಸಾಲಲಿಲ್ಲ’ ಎಂಬ ಉತ್ತರವೇ ಹೆಚ್ಚು ಸಿಗುತ್ತದೆ. ಅದು ಅರ್ಧ ಸತ್ಯ. ಕಾಲೇಜಿನ ಚಿಕಿತ್ಸಾ ವಿಭಾಗದಲ್ಲಿ ಕೆಲಸ ನಡೆಯುವ ರೀತಿಯನ್ನು ಗಮನಿಸಿ: ಹುಳುಕು ತೆಗೆದಾಯಿತು, ಬೋಧಕರು ಬಂದು ನೋಡಿ ಸಹಿ ಹಾಕಿದರು, ರೂಟ್ ಕೆನಾಲಿನ ಉದ್ದ ಅಳೆದಾಯಿತು, ಇನ್ನೊಂದು ಸಹಿ, ಕ್ಯಾಪಿಗೆ ಹಲ್ಲನ್ನು ಸವೆಸಿದ್ದಾಯಿತು, ಮತ್ತೊಂದು. ‘ಇಷ್ಟು ಸಾಕೇ, ಇನ್ನಷ್ಟು ಬೇಕೇ, ಇಲ್ಲಿಗೇ ನಿಲ್ಲಿಸಬೇಕೇ’ ಎಂಬ ಪ್ರತಿ ನಿರ್ಧಾರವನ್ನೂ ಬೇರೆಯವರು ತೆಗೆದುಕೊಂಡಿರುತ್ತಾರೆ. ವಿದ್ಯಾರ್ಥಿಯ ಕೈ ಸಾಕಷ್ಟು ಕಲಿತಿರುತ್ತದೆ. ನಿರ್ಧರಿಸುವ ಅಭ್ಯಾಸ ಮಾತ್ರ ಆಗಿರುವುದಿಲ್ಲ. ಜತೆಗೆ, ತಾನು ಮಾಡಿದ ಫಿಲ್ಲಿಂಗ್ ಎರಡು ವರ್ಷದ ನಂತರ ಹೇಗಿದೆ ಎಂಬುದನ್ನು ವಿದ್ಯಾರ್ಥಿ ಕಾಣುವುದು ಅಪರೂಪ, ಏಕೆಂದರೆ ಅಷ್ಟರಲ್ಲಿ ರೋಗಿ ಮುಂದಿನ ತಂಡದ ಪಾಲಾಗಿರುತ್ತಾರೆ. ಈ ಬರಹದ ಸಲಹೆಗಳೆಲ್ಲ ಈ ಎರಡು ಕೊರತೆಗಳ ಸುತ್ತಲೇ ಇವೆ.

ಮೊದಲು ಲೆಕ್ಕ ತೆಗೆಯಿರಿ

1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯಕೀಯ ಶಿಕ್ಷಣತಜ್ಞರು ವೃತ್ತಿಪರ ಸಾಮರ್ಥ್ಯವನ್ನು ನಾಲ್ಕು ಹಂತದ ಪಿರಮಿಡ್ಡಾಗಿ ಚಿತ್ರಿಸಿದರು: ತಿಳಿದಿರುವುದು, ಹೇಗೆಂದು ಬಲ್ಲದ್ದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು. ಪರೀಕ್ಷೆಗಳು ಬಹುಪಾಲು ಮೂರನೆಯ ಹಂತಕ್ಕೇ ನಿಲ್ಲುತ್ತವೆ. ಪರೀಕ್ಷಕರ ಮುಂದೆ ಒಮ್ಮೆ ಚೆನ್ನಾಗಿ ಮಾಡಿ ತೋರಿಸಿದ್ದಕ್ಕೂ, ಸಂಜೆಯ ಹೊತ್ತಿಗೆ, ದಣಿದಿರುವಾಗ, ಬಾಯಿ ಪೂರ್ತಿ ತೆರೆಯಲಾಗದ ರೋಗಿಗೆ ಅದೇ ಕೆಲಸವನ್ನು ಮಾಡುವುದಕ್ಕೂ ಬಹಳ ದೂರವಿದೆ.

ಆದ್ದರಿಂದ ಕಾಲೇಜು ನಿಗದಿ ಮಾಡಿದ ಚಿಕಿತ್ಸೆಗಳ ಸಂಖ್ಯೆ ತುಂಬಿಸುವ ಕೋಟಾ ಪುಸ್ತಕವನ್ನು ಬದಿಗಿಟ್ಟು ನಿಮ್ಮದೇ ಒಂದು ಪಟ್ಟಿ ಮಾಡಿಕೊಳ್ಳಿ. ಕೋಟಾ ಪುಸ್ತಕ ಹೇಳುವುದು ಎಷ್ಟು ಮಾಡಿದ್ದೀರಿ ಎಂಬುದನ್ನು ಮಾತ್ರ. ಸಂಖ್ಯೆ ತುಂಬಿಸುವ ಒತ್ತಡದಲ್ಲಿ ಸುಲಭದ ಹಲ್ಲನ್ನೇ ಹುಡುಕುವ ಜಾಣತನವನ್ನು ಎಲ್ಲ ವಿದ್ಯಾರ್ಥಿಗಳೂ ಬೇಗ ಕಲಿಯುತ್ತಾರೆ ಎಂಬುದು ಬೋಧಕರಿಗೂ ಗೊತ್ತಿರುವ ಸಂಗತಿ. ನಿಮ್ಮ ಪಟ್ಟಿಯಲ್ಲಿ ಪ್ರತಿ ಚಿಕಿತ್ಸೆಯ ಮುಂದೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಈ ಚಿಕಿತ್ಸೆಯೇ ಬೇಕೆಂದು ನಿರ್ಧರಿಸಿದವರು ಯಾರು? ನಡುವೆ ತೊಡಕಾದಾಗ ಸರಿಪಡಿಸಿದ ಕೈ ಯಾರದು? ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಮಾಡಿದ್ದು ಇದೆಯೇ? ಅದರ ಫಲಿತಾಂಶವನ್ನು ತಿಂಗಳುಗಳ ಬಳಿಕ ಕಂಡಿದ್ದೀರಾ? ಹೀಗೆ ಬರೆದಾಗ, ಸಂಖ್ಯೆಯಲ್ಲಿ ತುಂಬಿ ತುಳುಕುವ ಫಿಲ್ಲಿಂಗ್‌ಗಳ ಸಾಲಿನಲ್ಲೂ ಎರಡು ಕಲಂ ಖಾಲಿ ಉಳಿಯುವುದು ಕಾಣುತ್ತದೆ. ದವಡೆ ಹಲ್ಲುಗಳ ರೂಟ್ ಕೆನಾಲ್, ಸುಲಭಕ್ಕೆ ಬಾರದ ಹಲ್ಲು ಕೀಳುವಿಕೆ, ಮಕ್ಕಳ ಚಿಕಿತ್ಸೆ, ಪೂರ್ಣ ಕೃತಕ ದಂತಪಂಕ್ತಿ ಇವುಗಳ ಸಾಲು ಹಲವರಲ್ಲಿ ಬಹುತೇಕ ಖಾಲಿಯೇ ಇರುತ್ತದೆ. ಮೊದಲ ವರ್ಷದ ಓದು, ಕಾರ್ಯಾಗಾರ, ಉದ್ಯೋಗದ ಆಯ್ಕೆ ಎಲ್ಲವೂ ಈ ಖಾಲಿ ಜಾಗಗಳಿಂದ ಹುಟ್ಟಬೇಕು. ಒಸಡಿನ ಕಾಯಿಲೆಯ ಕಾರಣಗಳೂ ಗೊತ್ತಿಲ್ಲದಿರುವಾಗ ಇಂಪ್ಲಾಂಟಿನ ವಾರಾಂತ್ಯದ ಕೋರ್ಸಿಗೆ ಓಡುವುದು ಈಚೆಗೆ ಹೆಚ್ಚಾಗಿದೆ. ಅದು ಹಣದ ದೃಷ್ಟಿಯಿಂದಲೂ ಕಲಿಕೆಯ ದೃಷ್ಟಿಯಿಂದಲೂ ತಲೆಕೆಳಗಾದ ಕ್ರಮ.

ಯಾವ ಹಲ್ಲೆಂದು ನಿರ್ಧರಿಸುವ ಅಭ್ಯಾಸ

ಕಾಲೇಜಿನಲ್ಲಿ ರೋಗಿ ನಿಮ್ಮ ಬಳಿಗೆ ಬರುವಾಗಲೇ ಕಾಗದದ ಮೇಲೆ ಹಲ್ಲಿನ ಸಂಖ್ಯೆ ಬರೆದಿರುತ್ತದೆ. ಹೊರರೋಗಿ ವಿಭಾಗದಲ್ಲಿ ಯಾರೋ ಪರೀಕ್ಷಿಸಿ, ಎಕ್ಸ್-ರೇ ತೆಗೆಸಿ, ರೋಗವನ್ನು ಗುರುತಿಸಿ, ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿರುತ್ತಾರೆ. ಸ್ವಂತ ಚಿಕಿತ್ಸಾಲಯದಲ್ಲಿ ರೋಗಿ ಕೆನ್ನೆಯ ಮೇಲೆ ಕೈಯಿಟ್ಟು ‘ಈ ಕಡೆ ಎಲ್ಲ ನೋಯುತ್ತದೆ’ ಎನ್ನುತ್ತಾರೆ. ಹಲ್ಲಿನ ತಿರುಳಿನ ನೋವಿಗೆ ವಿಳಾಸ ಸರಿಯಾಗಿರುವುದಿಲ್ಲ: ಮೇಲಿನ ಹಲ್ಲಿನ ನೋವು ಅದೇ ಬದಿಯ ಕೆಳಗಿನ ಹಲ್ಲಿನದೆಂದು ತೋರುವುದುಂಟು, ಕೆಳಗಿನದು ಕಿವಿಯದೆಂದು ತೋರುವುದೂ ಉಂಟು. ರೋಗಿ ಬೆರಳಿಟ್ಟು ತೋರಿಸಿದ ಹಲ್ಲನ್ನೇ ತೆರೆದುಬಿಡುವುದು ಮೊದಲ ವರ್ಷದಲ್ಲಿ ಆಗಬಹುದಾದ ದೊಡ್ಡ ಅನಾಹುತಗಳಲ್ಲಿ ಒಂದು.

ಇದಕ್ಕೆ ಪರಿಹಾರ ಕ್ರಮಬದ್ಧತೆಯೇ ಹೊರತು ಚುರುಕು ಬುದ್ಧಿಯಲ್ಲ. ನೋವು ಹೇಗೆ ಆರಂಭವಾಗುತ್ತದೆ, ತಣ್ಣಗಿನದು ತಾಕಿ ತೆಗೆದ ಮೇಲೂ ಉಳಿಯುತ್ತದೆಯೇ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಕಚ್ಚಿದಾಗ ನೋಯುತ್ತದೆಯೇ ಅಥವಾ ಕಚ್ಚಿ ಬಿಟ್ಟಾಗ ನೋಯುತ್ತದೆಯೇ (ಬಿಟ್ಟಾಗಿನ ಚಳುಕು ಬಿರುಕು ಬಿಟ್ಟ ಹಲ್ಲಿನ ಸೂಚನೆಯಾಗಿರಬಹುದು) ಎಂದು ಕೇಳಿ ಬರೆದುಕೊಳ್ಳಿ. ಬಳಿಕ ಆರೋಗ್ಯವಂತ ಪಕ್ಕದ ಹಲ್ಲಿಗೆ ಮೊದಲು, ಅನುಮಾನದ ಹಲ್ಲಿಗೆ ಆಮೇಲೆ ತಣ್ಣನೆಯ ಪರೀಕ್ಷೆ ಮಾಡಿ, ಮೆಲ್ಲಗೆ ತಟ್ಟಿ ನೋಡಿ, ಒಸಡಿನ ಆಳ ಅಳೆದು, ಎಕ್ಸ್-ರೇಯನ್ನು ಕೊನೆಗೆ ನೋಡಿ. ಎಕ್ಸ್-ರೇ ಮೊದಲೇ ಕಣ್ಣಿಗೆ ಬಿದ್ದರೆ ಉಳಿದ ಪರೀಕ್ಷೆಗಳು ಅದಕ್ಕೆ ತಕ್ಕಂತೆ ಬಾಗುತ್ತವೆ. ಎರಡು ಪರೀಕ್ಷೆಗಳಾದರೂ ಒಂದೇ ಹಲ್ಲಿನತ್ತ ಬೆರಳು ಮಾಡದಿದ್ದರೆ ಅಂದು ಹಲ್ಲನ್ನು ಮುಟ್ಟಬೇಡಿ. ನೋವಿಗೆ ಮಾತ್ರೆ ಕೊಟ್ಟು, ಎರಡು ದಿನದ ಬಳಿಕ ಮತ್ತೆ ನೋಡುವುದಾಗಿ ಹೇಳಿ ಕಳಿಸುವುದಕ್ಕೆ ಧೈರ್ಯ ಬೇಕು ನಿಜ. ಬಹಳಷ್ಟು ರೋಗಿಗಳು ಅದನ್ನು ಅನುಮಾನವೆಂದಲ್ಲ, ಎಚ್ಚರವೆಂದೇ ತೆಗೆದುಕೊಳ್ಳುತ್ತಾರೆ.

ಇದೇ ಜಾಗದಲ್ಲಿ ಇನ್ನೊಂದು ಮಾತು. ನೋವಿಲ್ಲದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ಮೂರು ವಾರವಾದರೂ ಮಾಯದಿದ್ದರೆ ಅದನ್ನು ತಜ್ಞರಿಗೆ ಕಳಿಸಲೇಬೇಕು. ನಾಲಿಗೆಯ ಅಂಚನ್ನೂ ಬಾಯಿಯ ನೆಲವನ್ನೂ ಪ್ರತಿ ರೋಗಿಯಲ್ಲಿ ನೋಡುವ ರೂಢಿಯನ್ನು ಮೊದಲ ದಿನವೇ ಹಾಕಿಕೊಳ್ಳದಿದ್ದರೆ ಹತ್ತನೆಯ ವರ್ಷದಲ್ಲೂ ಅದು ಬರುವುದಿಲ್ಲ.

ಮರಗಟ್ಟಿಸುವ ಚುಚ್ಚುಮದ್ದು

ಹೊಸಬರ ಆತ್ಮವಿಶ್ವಾಸವನ್ನು ಕುಗ್ಗಿಸುವುದರಲ್ಲಿ ಕೆಳದವಡೆಯ ನರವನ್ನೇ ಮರಗಟ್ಟಿಸುವ ಬ್ಲಾಕ್‌ಗೆ ಸಮನಾದದ್ದು ಇನ್ನೊಂದಿಲ್ಲ. ಅದು ಅನುಭವಿಗಳ ಕೈಯಲ್ಲೂ ಆಗಾಗ ವಿಫಲವಾಗುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಸೂಜಿಯ ತುದಿಗೆ ಮೂಳೆ ತಾಕುವ ಮೊದಲೇ ಮದ್ದು ಬಿಡುವುದು, ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡದಿರುವುದು, ಕಾಯದೆ ಕೊರೆಯಲು ತೊಡಗುವುದು, ಇವು ಸಾಮಾನ್ಯ ತಪ್ಪುಗಳು. ತುಟಿ ಮರಗಟ್ಟಿತೆಂದ ಮಾತ್ರಕ್ಕೆ ಹಲ್ಲಿನ ತಿರುಳು ಮರಗಟ್ಟಿದೆ ಎಂದಲ್ಲ. ಉರಿಯೂತ ಹೆಚ್ಚಾದ ಹಲ್ಲಿನಲ್ಲಿ ಇವೆರಡರ ನಡುವಿನ ಅಂತರ ಇನ್ನೂ ದೊಡ್ಡದು. ಆದ್ದರಿಂದ ಕೊರೆಯುವ ಮೊದಲು ಆ ಹಲ್ಲಿಗೆ ತಣ್ಣನೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಬ್ಲಾಕ್ ಹಿಡಿಯದಿದ್ದರೆ ಮುಂದಿನ ಮೆಟ್ಟಿಲು ಯಾವುದು, ಕೆನ್ನೆಯ ಬದಿಗೆ ಆರ್ಟಿಕೇನ್ ಎಂಬ ಮರಗಟ್ಟಿಸುವ ಮದ್ದಿನ ಚುಚ್ಚುಮದ್ದೋ, ಹಲ್ಲಿನ ಬೇರಿನ ಸುತ್ತಲಿನ ತಂತುವಿನೊಳಗಿನದೋ ಎಂಬುದು ಮನಸ್ಸಿನಲ್ಲಿ ಮೊದಲೇ ತೀರ್ಮಾನವಾಗಿರಲಿ. ಅದೇ ಜಾಗಕ್ಕೆ ನಾಲ್ಕನೆಯ ಸಲ ಚುಚ್ಚುವುದು ಯೋಜನೆಯಲ್ಲ.

ಪ್ರಮಾಣದ ಲೆಕ್ಕವನ್ನು ಪುಸ್ತಕದಲ್ಲಿ ಓದಿರುವವರು ಬಹಳ, ಕುರ್ಚಿಯ ಪಕ್ಕದಲ್ಲಿ ಮಾಡುವವರು ಕಡಿಮೆ. ಮರಗಟ್ಟಿಸುವ ಮದ್ದಾದ ಶೇ. 2ರ ಲಿಡೊಕೇನಿನ 1.8 ಮಿಲಿಲೀಟರ್ ಕಾರ್ಟ್ರಿಜ್ಜಿನಲ್ಲಿ 36 ಮಿಲಿಗ್ರಾಂ ಮದ್ದಿರುತ್ತದೆ. ಕಿಲೋಗೆ 4.4 ಮಿಲಿಗ್ರಾಂ ಎಂಬ ಎಚ್ಚರಿಕೆಯ ಮಿತಿಯನ್ನು ಹಿಡಿದರೆ 15 ಕಿಲೋ ತೂಕದ ಮಗುವಿಗೆ ಒಟ್ಟು 66 ಮಿಲಿಗ್ರಾಂ. ಎಂದರೆ ಎರಡು ಪೂರ್ತಿ ಕಾರ್ಟ್ರಿಜ್ ಹಾಕಿದರೆ 72 ಆಗಿ ಮಿತಿ ದಾಟಿತು. ವಯಸ್ಕರ ಮೇಲೆ ಪಳಗಿದ ಕೈ ‘ಇನ್ನರ್ಧ ಹಾಕೋಣ’ ಎಂದು ಸಹಜವಾಗಿ ಚಾಚುವುದು ಇಲ್ಲಿಯೇ. ಮಕ್ಕಳನ್ನು ತೂಗದೆ ಚುಚ್ಚುಮದ್ದು ಕೊಡಬೇಡಿ.

ಕೀಳುವ ಮೊದಲು ನಿಲ್ಲುವ ಜಾಗವನ್ನು ಗುರುತಿಸಿ

ನಿರ್ಧರಿಸುವ ಅಭ್ಯಾಸದ ಕೊರತೆ ಅತಿ ಸ್ಪಷ್ಟವಾಗಿ ಬಯಲಾಗುವುದು ಹಲ್ಲು ಕೀಳುವಾಗ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೇಲ್ದವಡೆಯ ಮೊದಲ ದವಡೆ ಹಲ್ಲು, ವರ್ಷಗಳ ಹಿಂದೆ ರೂಟ್ ಕೆನಾಲ್ ಆಗಿದೆ, ಅಕ್ಕಪಕ್ಕದ ಹಲ್ಲುಗಳಿಲ್ಲ, ರೋಗಿಗೆ ಅರವತ್ತು ದಾಟಿದೆ. ಹೊಸಬರ ಕಣ್ಣಿಗೆ ಇದು ಸುಲಭದ ಕೇಸು, ಏಕೆಂದರೆ ಹಲ್ಲು ಒಂಟಿಯಾಗಿದೆ, ಉಪಕರಣಕ್ಕೆ ಜಾಗವಿದೆ. ಎಕ್ಸ್-ರೇಯನ್ನು ಸಾವಧಾನವಾಗಿ ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬಹಳ ಹುಳುಕಾಗಿ ರೂಟ್ ಕೆನಾಲ್ ಆದ ಹಲ್ಲಿನ ತಲೆ ಫೋರ್ಸೆಪ್ಸ್ (ಹಲ್ಲು ಕೀಳುವ ಇಕ್ಕಳ) ಒತ್ತಿದೊಡನೆ ಮುರಿಯಬಹುದು. ಮೂರು ಬೇರುಗಳು ಮೂರು ದಿಕ್ಕಿಗೆ ಚಾಚಿಕೊಂಡು, ಅವುಗಳ ನಡುವೆ ಮ್ಯಾಕ್ಸಿಲರಿ ಸೈನಸ್ಸಿನ (ಮೇಲ್ದವಡೆಯ ಮೂಳೆಯೊಳಗಿನ ಗಾಳಿಗೂಡು) ತಳ ಇಳಿದು ಬಂದಿರಬಹುದು. ವಯಸ್ಸಾದ ಮೂಳೆ ಬಳುಕುವುದಿಲ್ಲ. ಬಲ ಪ್ರಯೋಗಿಸಿದರೆ ಸೈನಸ್ಸಿಗೆ ತೂತು ಬೀಳಬಹುದು ಅಥವಾ ಹಲ್ಲಿನ ಜತೆ ಮೂಳೆಯ ತುಂಡೇ ಬರಬಹುದು.

ಈ ಹಲ್ಲಿಗೆ ಕೈ ಹಚ್ಚುವ ಮೊದಲು ಮೂರು ವಾಕ್ಯಗಳನ್ನು ದಾಖಲೆಯಲ್ಲಿ ಬರೆಯಿರಿ: ಮೊದಲ ಯೋಜನೆ ಏನು, ಅದು ಫಲಿಸದಿದ್ದರೆ ಎರಡನೆಯದು ಏನು, ಯಾವ ಲಕ್ಷಣ ಕಂಡರೆ ನಿಲ್ಲಿಸುತ್ತೀರಿ. ‘ಎಲಿವೇಟರಿನಿಂದ (ಹಲ್ಲನ್ನು ಸಡಿಲಿಸುವ ಸಲಕರಣೆ) ಹತ್ತು ನಿಮಿಷದಲ್ಲಿ ಅಲುಗಾಟ ಕಾಣದಿದ್ದರೆ ಕೊರೆಯುವ ಬರ್‌ನಿಂದ ಬೇರುಗಳನ್ನು ಬೇರ್ಪಡಿಸುತ್ತೇನೆ, ಬೇರು ಸೈನಸ್ಸಿನತ್ತ ಜರುಗಿದಂತೆ ಕಂಡರೆ ನಿಲ್ಲಿಸಿ, ಗಾಯ ಮುಚ್ಚಿ, ಇಂಥ ಶಸ್ತ್ರಚಿಕಿತ್ಸಕರಿಗೆ ಕಳಿಸುತ್ತೇನೆ’ ಎಂಬುದು ಅಂಥ ಬರಹ. ಎರಡನೆಯ ವಾಕ್ಯವನ್ನು ಬರೆಯಲು ಆಗದಿದ್ದರೆ ಆ ಹಲ್ಲನ್ನು ಇನ್ನೂ ಒಬ್ಬರೇ ಕೀಳುವ ಕಾಲ ಬಂದಿಲ್ಲ. ರೋಗಿಗೂ ಇದನ್ನೇ ಸರಳ ಮಾತಿನಲ್ಲಿ ಮೊದಲೇ ಹೇಳಿಬಿಡಿ. ತೊಡಕಿನ ಸಾಧ್ಯತೆಯನ್ನು ಮೊದಲು ಹೇಳಿದರೆ ಅದು ಮಾಹಿತಿ, ಆದ ಮೇಲೆ ಹೇಳಿದರೆ ಸಮಜಾಯಿಷಿ.

ರೂಟ್ ಕೆನಾಲಿಗೂ ಈ ಕ್ರಮ ಒಪ್ಪುತ್ತದೆ. ಮೇಲಿನ ಮೊದಲ ದವಡೆ ಹಲ್ಲಿನ ಮುಂದಿನ ಕೆನ್ನೆಬದಿಯ ಬೇರಿನಲ್ಲಿ ಎರಡನೆಯ ನಾಳ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಎಷ್ಟು ಹೊತ್ತು ಹುಡುಕುತ್ತೀರಿ, ಸಿಗದಿದ್ದರೆ ಯಾರಿಗೆ ಕಳಿಸುತ್ತೀರಿ ಎಂಬುದು ಮೊದಲೇ ತೀರ್ಮಾನವಾಗಿರಲಿ. ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಯ ಉಳಿದ ಭಾಗದಿಂದ ಬೇರ್ಪಡಿಸುವ ರಬ್ಬರ್ ಹಾಳೆ) ಹಾಕದೆ ನಾಳವನ್ನು ಉಜ್ಜುವ ಫೈಲನ್ನು ಒಳಗೆ ಇಳಿಸಬಾರದು, ನಾಳ ತೊಳೆಯುವ ಹೈಪೊಕ್ಲೋರೈಟನ್ನು ಒತ್ತಡದಿಂದ ನುಗ್ಗಿಸಬಾರದು. ಕಾಲೇಜಿನಲ್ಲಿ ಕಡ್ಡಾಯವಾಗಿದ್ದ ಈ ನಿಯಮಗಳನ್ನು ‘ಹೊರಗೆ ಯಾರೂ ಪಾಲಿಸುವುದಿಲ್ಲ’ ಎಂದು ಹೇಳಿಕೊಡುವ ಹಿರಿಯರು ಸಿಕ್ಕೇ ಸಿಗುತ್ತಾರೆ. ಅವರ ಮಾತನ್ನು ಕೇಳಬೇಕಾಗಿಲ್ಲ.

ವೇಗದ ಪ್ರಶ್ನೆ

ವಿದ್ಯಾರ್ಥಿಗೆ ಒಂದು ಫಿಲ್ಲಿಂಗಿಗೆ ಇಡೀ ಬೆಳಗಿನ ಹೊತ್ತು ಸಿಗುತ್ತದೆ. ಹೊರಗೆ ಅದಕ್ಕೆ ಅರ್ಧ ಅಥವಾ ಮುಕ್ಕಾಲು ಗಂಟೆ. ವೇಗ ಬರುವುದು ಕೈಯನ್ನು ಬೇಗ ಆಡಿಸುವುದರಿಂದಲ್ಲ. ಒಂದು ವಾರ ನಿಮ್ಮ ಕೆಲಸದ ಪ್ರತಿ ಹಂತಕ್ಕೂ ಹಿಡಿದ ಸಮಯವನ್ನು ಸಹಾಯಕರಿಂದ ಬರೆಸಿ ನೋಡಿ: ಹೆಚ್ಚು ಹೊತ್ತು ಹೋಗುವುದು ಬೇಕಾದ ಬರ್ ಹುಡುಕುವುದರಲ್ಲಿ, ಫಿಲ್ಲಿಂಗಿಗೆ ಗೋಡೆಯಾಗುವ ಮ್ಯಾಟ್ರಿಕ್ಸ್ ಬ್ಯಾಂಡನ್ನು ಮೂರು ಸಲ ಕೂರಿಸುವುದರಲ್ಲಿ, ಅನುಮಾನದಿಂದ ಅದೇ ಜಾಗವನ್ನು ಮತ್ತೆ ಮತ್ತೆ ನೋಡುವುದರಲ್ಲಿ. ಟ್ರೇಯನ್ನು ಚಿಕಿತ್ಸೆಗೆ ತಕ್ಕಂತೆ ಮೊದಲೇ ಜೋಡಿಸಿಟ್ಟರೆ, ಸಹಾಯಕರಿಗೆ ಮುಂದಿನ ಹಂತ ಏನೆಂದು ಹೇಳಿಕೊಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಸಹಾಯಕರ ಜತೆ ಕೆಲಸ ಮಾಡುವುದನ್ನು ಎಷ್ಟೋ ಕಾಲೇಜುಗಳು ಕಲಿಸುವುದೇ ಇಲ್ಲ. ಅಲ್ಲಿ ವಿದ್ಯಾರ್ಥಿ ತಾನೇ ಬೆಳಕು ಹಿಡಿದು, ತಾನೇ ಮದ್ದು ಕಲಸಿ, ತಾನೇ ಉಗುಳು ಹೀರಿಸುತ್ತಾನೆ. ಮರಗಟ್ಟಿಸುವ ಮದ್ದು ಹಿಡಿಯಲು ಕಾಯುವ ಹೊತ್ತು, ಫಿಲ್ಲಿಂಗನ್ನು ಅಂಟಿಸುವ ಬಾಂಡ್ ಹಚ್ಚುವಾಗ ಒಣಗಿಸಿಡುವ ಹೊತ್ತು, ಅದು ಗಟ್ಟಿಯಾಗಲು ಲೈಟ್ ಹಿಡಿಯುವ ಹೊತ್ತು ಇವನ್ನು ಮಾತ್ರ ಎಂದಿಗೂ ಕಡಿಮೆ ಮಾಡಬೇಡಿ. ಮೊದಲ ತಿಂಗಳುಗಳಲ್ಲಿ ಅಪಾಯಿಂಟ್‌ಮೆಂಟುಗಳನ್ನು ಉದ್ದವಾಗಿ ಕೊಡುವಂತೆ ಮಾಲೀಕರನ್ನು ಕೇಳುವುದು ಅವಮಾನವಲ್ಲ.

ತುರ್ತುಸ್ಥಿತಿ ಮತ್ತು ಶುಚಿತ್ವ

ಕಾಲೇಜು ಆಸ್ಪತ್ರೆಯಲ್ಲಿ ರೋಗಿ ಕುಸಿದರೆ ಕೂಗಿದರೆ ಸಾಕು, ಹತ್ತು ಜನ ಬರುತ್ತಾರೆ. ಒಂಟಿ ಚಿಕಿತ್ಸಾಲಯದಲ್ಲಿ ನೀವು ಮತ್ತು ಸಹಾಯಕರು ಇಬ್ಬರೇ. ತಲೆಸುತ್ತಿ ಬೀಳುವುದು ಅತಿ ಸಾಮಾನ್ಯ. ಕುರ್ಚಿಯನ್ನು ಮಲಗಿಸಿ ಕಾಲು ಎತ್ತರಿಸಿದರೆ ಬಹಳಷ್ಟು ಮಂದಿ ಬೇಗ ಚೇತರಿಸಿಕೊಳ್ಳುತ್ತಾರೆ, ಚೇತರಿಸಿಕೊಳ್ಳದಿದ್ದರೆ ಬೇರೆ ಕಾರಣ ಹುಡುಕಬೇಕು. ತೀವ್ರ ಅಲರ್ಜಿಯಲ್ಲಿ ವಯಸ್ಕರಿಗೆ 1:1000 ಅಡ್ರಿನಲಿನ್ 0.5 ಮಿಲಿಗ್ರಾಂ ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಟ್ಟು ಆಂಬುಲೆನ್ಸ್ ಕರೆಸಬೇಕು. ಸುಧಾರಿಸದಿದ್ದರೆ ಐದು ನಿಮಿಷದ ಬಳಿಕ ಮತ್ತೊಂದು ಸಲ. ಇದು ಎಲ್ಲರಿಗೂ ಪಾಠವಾಗಿ ಗೊತ್ತು. ಆ ಆಂಪೂಲ್ ನಿಮ್ಮ ಚಿಕಿತ್ಸಾಲಯದ ಯಾವ ಡ್ರಾಯರಿನಲ್ಲಿದೆ, ಅವಧಿ ಮುಗಿದಿದೆಯೇ, ಫೋನ್ ಮಾಡುವವರು ಯಾರು ಎಂಬುದನ್ನು ತಿಂಗಳಿಗೊಮ್ಮೆ ಸಹಾಯಕರೊಂದಿಗೆ ಅಣಕು ಅಭ್ಯಾಸ ಮಾಡಿಯೇ ತಿಳಿಯಬೇಕು. ಔಷಧಿಗಳ ವಿವರ ಕೇಳುವಾಗ ‘ಬೇರೆ ಏನಾದರೂ ತೊಂದರೆ ಇದೆಯೇ’ ಎಂಬ ಒಂದೇ ಪ್ರಶ್ನೆಗೆ ತೃಪ್ತರಾಗಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಅಥವಾ ಡೆನೊಸುಮ್ಯಾಬ್ ಇವನ್ನು ಹೆಸರಿಟ್ಟು ಕೇಳಿ. ರಕ್ತ ತೆಳುವಾಗಿಸುವ ಔಷಧಿಯನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಲು ಹೇಳಬೇಡಿ.

ಉಪಕರಣ ಶುದ್ಧೀಕರಣವನ್ನು ಕಾಲೇಜಿನಲ್ಲಿ ಬೇರೆಯವರು ಮಾಡುತ್ತಿದ್ದರು. ಆಟೋಕ್ಲೇವ್ (ಒತ್ತಡದ ಹಬೆಯಿಂದ ಶುದ್ಧಗೊಳಿಸುವ ಯಂತ್ರ) 134 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 3 ನಿಮಿಷ ಅಥವಾ 121 ಡಿಗ್ರಿಯಲ್ಲಿ 15 ನಿಮಿಷ ನಿಲ್ಲಬೇಕು. ಬಿಸಿಯಾಗುವ ಮತ್ತು ಒಣಗುವ ಸಮಯ ಇದಕ್ಕೆ ಹೊರತು. ಶಾಖ ತಾಕಿದ್ದನ್ನು ತೋರಿಸುವ ಪಟ್ಟಿಯ ಬಣ್ಣ ಬದಲಾದದ್ದು ಸಾಲದು, ನಿಗದಿತ ಅವಧಿಗೊಮ್ಮೆ ಸ್ಪೋರ್ ಪರೀಕ್ಷೆ (ಬ್ಯಾಕ್ಟೀರಿಯಾದ ಬೀಜಕಣಗಳು ಸತ್ತವೇ ಎಂದು ನೋಡುವುದು) ಮಾಡಿ ಬರೆದಿಡಬೇಕು. ಹೆಪಟೈಟಿಸ್ ಬಿ ಲಸಿಕೆಯ ಕೊನೆಯ ಡೋಸ್ ಆದ ಒಂದೆರಡು ತಿಂಗಳಲ್ಲಿ ರಕ್ತಪರೀಕ್ಷೆ ಮಾಡಿಸಿ, ರಕ್ಷಣೆ ಬಂದಿದೆಯೇ ಎಂದು ನೀವೂ ನಿಮ್ಮ ಸಹಾಯಕರೂ ಖಚಿತಪಡಿಸಿಕೊಳ್ಳಿ.

ಮೊದಲ ಕೆಲಸವನ್ನು ಆರಿಸುವಾಗ

ಮೊದಲ ಉದ್ಯೋಗವನ್ನು ಸಂಬಳದ ಮೇಲೆ ಆರಿಸುವುದಕ್ಕಿಂತ, ಕುರ್ಚಿಯಿಂದ ಎದ್ದು ಹೋಗಿ ಪ್ರಶ್ನೆ ಕೇಳಬಹುದಾದ ಹಿರಿಯರು ಪಕ್ಕದ ಕೋಣೆಯಲ್ಲಿ ಇದ್ದಾರೆಯೇ ಎಂಬುದರ ಮೇಲೆ ಆರಿಸುವುದು ಒಳ್ಳೆಯದು. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ನಾನಿರುವ ದಿನಗಳಲ್ಲಿ ಹಿರಿಯರು ಇರುತ್ತಾರೆಯೇ? ನನ್ನ ಮೊದಲ ಕ್ಯಾಪ್‌ಗಳನ್ನು ಲ್ಯಾಬಿಗೆ ಕಳಿಸುವ ಮುನ್ನ ಯಾರಾದರೂ ನೋಡುತ್ತಾರೆಯೇ? ಕಷ್ಟದ ಕೇಸನ್ನು ತಜ್ಞರಿಗೆ ಕಳಿಸಿದರೆ ನನ್ನ ಆದಾಯಕ್ಕೆ ಕತ್ತರಿ ಬೀಳುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ಕೆಲಸವನ್ನು ಬಿಡುವುದೇ ಮೇಲು, ಏಕೆಂದರೆ ಹಲ್ಲೆಣಿಸಿ ಹಣ ಕೊಡುವ ಕಡೆ ಬೇಡವೆನ್ನುವ ನಿರ್ಧಾರಕ್ಕೆ ಬೆಲೆಯೇ ಇರುವುದಿಲ್ಲ. ಒಪ್ಪಂದವನ್ನೂ ವೃತ್ತಿವಿಮೆಯನ್ನೂ ಸಹಿಗೆ ಮುಂಚೆ ಓದಿಸಿ.

ಮೊದಲ ದಿನದಿಂದಲೇ ಮರುಭೇಟಿಯ ದಾಖಲೆ ಇಡಿ. ಕಿತ್ತ ಹಲ್ಲಿನ ಗೂಡಿನಲ್ಲಿ ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಹೆಚ್ಚುವ ನೋವು, ರಕ್ತದ ಹೆಪ್ಪು ಕಳಚಿ ಮೂಳೆ ಬಯಲಾಗುವ ಡ್ರೈ ಸಾಕೆಟ್‌ನ ಲಕ್ಷಣವಾಗಿರಬಹುದು; ಆ ಹೊತ್ತಿಗೆ ಒಂದು ಫೋನ್ ಮಾಡುವುದು ರೋಗಿಗೂ ಹಿತ, ನಿಮಗೂ ಪಾಠ. ರೂಟ್ ಕೆನಾಲ್ ಆದ ಹಲ್ಲುಗಳ ಎಕ್ಸ್-ರೇಯನ್ನು ಒಂದು ವರ್ಷಕ್ಕೆ ಮತ್ತೆ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಬಿದ್ದ ಫಿಲ್ಲಿಂಗ್‌ಗಳನ್ನು ದಿನಾಂಕದ ಸಮೇತ ಬರೆದಿಟ್ಟರೆ ಆರು ತಿಂಗಳಲ್ಲಿ ಒಂದು ಜಾಡು ಕಾಣುತ್ತದೆ: ಬಹುಶಃ ಎಲ್ಲವೂ ಒಂದೇ ಬಗೆಯ ಜಾಗದಲ್ಲಿ, ತೇವ ತಡೆಯಲಾಗದ ಕಡೆಯೇ ಬಿದ್ದಿರುತ್ತವೆ.

ಸ್ವಂತ ಚಿಕಿತ್ಸಾಲಯ ಯಾವಾಗ ತೆರೆಯಬಹುದು ಎಂಬುದಕ್ಕೆ ವರ್ಷಗಳ ಲೆಕ್ಕ ಹೇಳುವುದು ಕಷ್ಟ. ನೀವು ತಜ್ಞರಿಗೆ ಕಳಿಸಿದ ಕೇಸುಗಳಲ್ಲಿ ನಿಮ್ಮ ರೋಗನಿರ್ಣಯವನ್ನೇ ಅವರು ಬಹುಪಾಲು ಒಪ್ಪುತ್ತಿದ್ದಾರೆಯೇ, ಅರ್ಧಕ್ಕೆ ನಿಂತ ಕೆಲಸಗಳಲ್ಲಿ ನಿಲ್ಲುವ ಜಾಗವನ್ನು ಮೊದಲೇ ಬರೆದಿಟ್ಟಿದ್ದಿರೇ, ಹಿರಿಯರು ಊರಲ್ಲಿಲ್ಲದ ವಾರವೂ ಉಳಿದ ವಾರಗಳಂತೆಯೇ ನಡೆಯಿತೇ ಎಂದು ನೋಡಿಕೊಳ್ಳಿ. ಮೂರಕ್ಕೂ ಹೌದೆಂದರೆ ಜಾಗ ಹುಡುಕಬಹುದು. ಆ ಹೊತ್ತಿಗೆ ಒಬ್ಬ ಶಸ್ತ್ರಚಿಕಿತ್ಸಕರು, ಒಬ್ಬ ರೂಟ್ ಕೆನಾಲ್ ತಜ್ಞರು, ಒಬ್ಬ ಮಕ್ಕಳ ದಂತವೈದ್ಯರು ನಿಮ್ಮ ಫೋನ್ ಎತ್ತುವಷ್ಟು ಪರಿಚಿತರಾಗಿರಬೇಕು. ಹಾಗೆಯೇ, ಒಬ್ಬ ಸಮವಯಸ್ಕ ದಂತವೈದ್ಯರೊಂದಿಗೆ ವಾರಕ್ಕೊಮ್ಮೆ ಕುಳಿತು, ಹೆಸರು ಮರೆಮಾಚಿ, ಇಬ್ಬರ ಕಷ್ಟದ ಎಕ್ಸ್-ರೇಗಳನ್ನು ಒಟ್ಟಿಗೆ ಓದುವ ಏರ್ಪಾಡನ್ನು ಕುರ್ಚಿ ಖರೀದಿಸುವ ಮೊದಲೇ ಮಾಡಿಕೊಳ್ಳಿ.